ಪುಸ್ತಕದ ವಿಮರ್ಶೆ ಸಿಗುತ್ತೆ, ಪುಸ್ತಕ ಸಿಗಲ್ಲ: ಕಲ್ಯಾಣದ ಮೇಲೆ ಬರೆದದ್ದು ಕಲ್ಯಾಣಕ್ಕೆ ಯಾಕೆ ಬರುತ್ತಿಲ್ಲ?

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕನ್ನಡದಲ್ಲಿ ‘ಒಂದು ದೇಶ, ಒಂದು ಚಂದಾ’. ಸಂಶೋಧನಾ ಲೇಖನಗಳು ಅಚ್ಚಾಗುವ ಜರ್ನಲ್‌ಗಳಿಗೆ ಸರ್ಕಾರಿ ಸಂಸ್ಥೆಗಳ ಪರವಾಗಿ ಕೇಂದ್ರವೇ ಒಟ್ಟಾಗಿ ಚಂದಾ ಕಟ್ಟುವ ಯೋಜನೆ ಇದು. ಮರುವರ್ಷದ ಜನವರಿಯಿಂದ ಅದು ಜಾರಿಗೂ ಬಂತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಲೆಕ್ಕ ಹಾಕಿದರೆ ವರ್ಷಕ್ಕೆ ತಲಾ 1,100 ರೂಪಾಯಿ ಚಿಲ್ಲರೆ.

ಸುದ್ದಿ ದೊಡ್ಡದು, ಒಳ್ಳೆಯದೂ ಹೌದು. ಆದರೆ ಓದಿದ ಮಂದಿಯಲ್ಲಿ ಒಂದು ಗೊಂದಲ ಉಳಿದುಬಿಟ್ಟಿದೆ. ಪ್ರಕಾಶಕರ ಪಟ್ಟಿಯಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಲ್ಲಾ ಇವೆ. ಅಂದಮೇಲೆ ಅವರ ಪುಸ್ತಕಗಳೂ ಉಚಿತ ಆಗಿರಬೇಕು ಅಲ್ವಾ?

ಆಗಿಲ್ಲ. ಚಂದಾ ಜರ್ನಲ್‌ಗಳಿಗೆ ಮಾತ್ರ. ಪುಸ್ತಕ ಅದರಲ್ಲಿ ಸೇರಿಲ್ಲ.

ಇದರ ಪರಿಣಾಮ ಎಷ್ಟು ವಿಚಿತ್ರ ಅಂದರೆ, ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್‌ನಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಕೂತ ವಿದ್ಯಾರ್ಥಿ ಬಹಮನಿ ಕಾಲದ ಮೇಲೆ ಬಂದ ಹೊಸ ಪುಸ್ತಕವೊಂದನ್ನು ಹುಡುಕುತ್ತಾಳೆ ಅಂತಿಟ್ಟುಕೊಳ್ಳಿ. ಆ ಪುಸ್ತಕದ ಮೇಲೆ ಬೇರೆ ವಿದ್ವಾಂಸರು ಬರೆದ ಎರಡು ಪುಟದ ವಿಮರ್ಶೆ ಜರ್ನಲ್‌ನಲ್ಲಿ ಬಂದಿರುತ್ತದೆ, ಆ ಜರ್ನಲ್ ಪಟ್ಟಿಯಲ್ಲಿದ್ದರೆ ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ತಕ್ಷಣ ತೆರೆಯುತ್ತದೆ. ಅದೇ ಪ್ರಕಾಶಕರ ಅದೇ ವೆಬ್‌ಸೈಟಿನಲ್ಲಿ ಪುಸ್ತಕದ ಮೇಲೆ ಒತ್ತಿದರೆ ಮೊದಲ ಪುಟ ತೋರಿಸಿ, ಮುಂದಕ್ಕೆ ದುಡ್ಡು ಕೇಳುತ್ತದೆ. ಪುಸ್ತಕ ಚೆನ್ನಾಗಿದೆ ಅಂತ ಯಾರೋ ಹೇಳಿದ್ದನ್ನು ಓದಬಹುದು. ಪುಸ್ತಕ ಓದುವಂತಿಲ್ಲ.

ಜರ್ನಲ್ ವ್ಯಾಪಾರ ಬೇರೆ, ಪುಸ್ತಕದ ವ್ಯಾಪಾರ ಬೇರೆ

ಸರ್ಕಾರ ಜರ್ನಲ್ ಅನ್ನೇ ಯಾಕೆ ಆರಿಸಿತು ಅನ್ನುವುದಕ್ಕೆ ಕಾರಣ ಇದೆ. ಜರ್ನಲ್‌ಗೆ ಪ್ರತಿ ವರ್ಷ ಚಂದಾ ಕಟ್ಟಬೇಕು, ಬಿಟ್ಟರೆ ಬಾಗಿಲು ಮುಚ್ಚುತ್ತದೆ. ಮೊದಲು ಒಂದೊಂದು ಸಂಸ್ಥೆ, ಒಂದೊಂದು ಇಲಾಖೆ ತಾನೇ ಪ್ರತ್ಯೇಕವಾಗಿ ಕಟ್ಟುತ್ತಿತ್ತು. ಒಂದೇ ಜರ್ನಲ್‌ಗೆ ದೇಶದಲ್ಲಿ ಹತ್ತಾರು ಕಡೆಯಿಂದ ದುಡ್ಡು ಹೋಗುತ್ತಿತ್ತು. ಅದನ್ನೆಲ್ಲಾ ಒಟ್ಟು ಮಾಡಿ, ಇನ್‌ಫ್ಲಿಬ್‌ನೆಟ್ ಅನ್ನುವ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲದ ಕೇಂದ್ರದ ಮೂಲಕ ಒಂದೇ ಕಡೆ ಚೌಕಾಸಿ ಮಾಡಿದರೆ ಸಣ್ಣ ಊರಿನ ಕಾಲೇಜಿಗೂ ಐಐಟಿಗೆ ಸಿಗುವ ಜರ್ನಲ್ ಸಿಗುತ್ತದೆ. ಇದು ಸರಿಯಾದ ಲೆಕ್ಕ.

ಆದರೆ ಈ ಲೆಕ್ಕ ಹುಟ್ಟಿದ್ದು ವಿಜ್ಞಾನದ ಜಗತ್ತಿನಲ್ಲಿ. ವೈದ್ಯಕೀಯ, ಭೌತವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಹೊಸ ವಿಚಾರ ಮೊದಲು ಹೊರಬರುವುದು ಹತ್ತು ಪುಟದ ಲೇಖನದಲ್ಲಿ. ಇತಿಹಾಸ, ಧರ್ಮ, ಸಮಾಜ, ಸಾಹಿತ್ಯದಲ್ಲಿ ಹಾಗಲ್ಲ. ಒಬ್ಬ ಇತಿಹಾಸಕಾರ ಹತ್ತು ವರ್ಷ ಶಾಸನ, ಪರ್ಶಿಯನ್ ಚರಿತ್ರೆಗಳು, ಕೋಟೆಯ ಕಲ್ಲು ನೋಡಿ ಒಂದು ವಾದ ಕಟ್ಟುತ್ತಾನೆ. ಅದು ಮುನ್ನೂರು ಪುಟ ಬೇಡುತ್ತದೆ. ಜರ್ನಲ್‌ನಲ್ಲಿ ಅದರ ಒಂದು ತುಣುಕು ಬಂದಿರಬಹುದು, ಪೂರ್ತಿ ವಾದ ಇರುವುದು ಪುಸ್ತಕದಲ್ಲೇ.

ಹಾಗಾಗಿ ಪುಸ್ತಕ ಬಿಟ್ಟ ಯೋಜನೆ ಎಲ್ಲರಿಗೂ ಸಮ ಅಂತ ಕಾಣಿಸಿದರೂ, ಕೆಮಿಸ್ಟ್ರಿ ವಿಭಾಗಕ್ಕೆ ಜಾಸ್ತಿ ಕೊಡುತ್ತದೆ, ಇತಿಹಾಸ ಮತ್ತು ಕನ್ನಡ ವಿಭಾಗಕ್ಕೆ ಕಮ್ಮಿ ಕೊಡುತ್ತದೆ. ಯಾರೂ ಬೇಕಂತ ಹೀಗೆ ಮಾಡಿದ್ದಲ್ಲ. ಆದರೆ ಫಲ ಮಾತ್ರ ಇದೇ.

ಕಳೆದುಕೊಳ್ಳುತ್ತಿರುವುದು ಏನು

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಇದು ಯಾಕೆ ಜಾಸ್ತಿ ತಟ್ಟುತ್ತದೆ ಅಂದರೆ, ಇತ್ತೀಚಿನ ವರ್ಷಗಳಲ್ಲಿ ದಖ್ಖನ್ ಮೇಲೆ ಬಂದ ಗಟ್ಟಿ ಪುಸ್ತಕಗಳಲ್ಲಿ ಹಲವು ನಮ್ಮ ಮನೆ ಬಾಗಿಲಿನ ಜಾಗಗಳ ಮೇಲೇ ಇವೆ.

ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಸೇರಿ ಬರೆದ ‘ಪವರ್, ಮೆಮೊರಿ, ಆರ್ಕಿಟೆಕ್ಚರ್’ 2014ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು. ಅವರು ರಾಜಧಾನಿಗಳನ್ನು ಬಿಟ್ಟು ಮೂರು ಕೋಟೆ ಊರುಗಳನ್ನು ಹಿಡಿದರು: ಕಲ್ಯಾಣ (ಇಂದಿನ ಬಸವಕಲ್ಯಾಣ), ರಾಯಚೂರು, ವಾರಂಗಲ್. ಇವುಗಳಿಗಾಗಿ ದೊಡ್ಡ ರಾಜ್ಯಗಳು ಮತ್ತೆ ಮತ್ತೆ ಯಾಕೆ ಬಡಿದಾಡಿದವು ಅನ್ನುವುದು ಪ್ರಶ್ನೆ. ಹಿಂದೂ ರಾಜ್ಯ, ಮುಸ್ಲಿಂ ರಾಜ್ಯ ಅನ್ನುವ ಗೆರೆ ಎಳೆದರೆ ಇದಕ್ಕೆ ಉತ್ತರ ಸಿಗಲ್ಲ ಅಂತ ಅವರ ವಾದ. ಕಲ್ಯಾಣದ ವಿಷಯದಲ್ಲಿ ಅವರು ಬೆರಳಿಡುವುದು ಚಾಲುಕ್ಯರ ನೆನಪಿನ ಮೇಲೆ. ಚಾಲುಕ್ಯರು ಹೋಗಿ ಮುನ್ನೂರು ನಾನೂರು ವರ್ಷ ಆದಮೇಲೂ ಅವರ ಹೆಸರಿಗೆ ತೂಕ ಇತ್ತು. ವಿಜಯನಗರದ ರಾಮರಾಯನೂ ಆ ಹೆಸರಿನ ಬೆನ್ನು ಹತ್ತಿದ, ಬಿಜಾಪುರದ ಸುಲ್ತಾನರೂ ಹತ್ತಿದರು. ಹಳೆಯ ಚಾಲುಕ್ಯ ಕಂಬಗಳನ್ನು ತಂದು ತಮ್ಮ ಕೋಟೆ ಬಾಗಿಲಲ್ಲಿ ಕಾಣುವಂತೆ ನಿಲ್ಲಿಸಿದ್ದು ಈ ಲೇಖಕರ ಕಣ್ಣಿಗೆ ಬಿದ್ದ ಸಾಕ್ಷಿ.

ಇದರ ಜೊತೆಗೇ ಇಟ್ಟು ನೋಡಬೇಕಾದ ಒಂದು ಕಲ್ಲು ಬಸವಕಲ್ಯಾಣದಲ್ಲೇ ಸಿಕ್ಕಿದೆ. 1326ರ ಸಂಸ್ಕೃತ ಶಾಸನ, ಮುಹಮ್ಮದ್ ಬಿನ್ ತುಘಲಕ್ ಆಳ್ವಿಕೆಯದು. ಗಲಾಟೆಯೊಂದರಲ್ಲಿ ಮಧುಕೇಶ್ವರ ಗುಡಿಯ ಲಿಂಗಕ್ಕೆ ಧಕ್ಕೆಯಾಗಿತ್ತು. ಗುಡಿ ನೋಡಿಕೊಳ್ಳುತ್ತಿದ್ದ ಠಕ್ಕುರ ಮಾಲ ಅನ್ನುವವನು ಅಲ್ಲಿನ ಆಡಳಿತಗಾರ ಖ್ವಾಜಾ ಅಹಮದ್ ಬಳಿ ಹೋಗಿ ಮತ್ತೆ ಪ್ರತಿಷ್ಠೆ ಮಾಡಲು ಅನುಮತಿ ಕೇಳಿದ. ಪೂಜೆ ನಿಮ್ಮ ಧರ್ಮ, ಮಾಡಿಕೊಳ್ಳಿ ಅನ್ನುವ ಅರ್ಥದಲ್ಲಿ ಅನುಮತಿ ಸಿಕ್ಕಿತು. ಒಂದೇ ಕಲ್ಲಿನಲ್ಲಿ ಗುಡಿಗೆ ಆದ ಪೆಟ್ಟೂ ಇದೆ, ರಿಪೇರಿಗೆ ಸಿಕ್ಕ ಒಪ್ಪಿಗೆಯೂ ಇದೆ. ಬರೀ ಪೆಟ್ಟಿನ ಕಥೆ ಹೇಳುವವರಿಗೂ ಬರೀ ಸೌಹಾರ್ದದ ಕಥೆ ಹೇಳುವವರಿಗೂ ಈ ಕಲ್ಲು ಅರ್ಧ ಮಾತ್ರ ಒದಗುತ್ತದೆ. ಇಂಥದ್ದನ್ನು ಬಿಡಿಸಿ ಹೇಳುವುದಕ್ಕೇ ಅಲ್ವಾ ಇತಿಹಾಸಕಾರರು ಬೇಕಿರುವುದು.

ಬೀದರ್‌ಗೆ ಬನ್ನಿ. ಎಮ್ಮಾ ಫ್ಲಾಟ್ ಅವರ ದಖ್ಖನ್ ಸುಲ್ತಾನರ ದರಬಾರುಗಳ ಪುಸ್ತಕ ಕೇಂಬ್ರಿಡ್ಜ್‌ನಿಂದ 2019ರಲ್ಲಿ ಬಂತು. ದೂರದೂರದ ದೇಶಗಳಿಂದ ಬಂದವರು ಇಲ್ಲಿನ ದರಬಾರಿನಲ್ಲಿ ಹೇಗೆ ಬೇರು ಬಿಟ್ಟರು ಅಂತ ಅವರು ಕೇಳುತ್ತಾರೆ. ಅವರ ಉತ್ತರ, ಕಲಿತ ವಿದ್ಯೆಗಳ ಬಲದಿಂದ. ಚಂದದ ಪತ್ರ ಬರೆಯುವುದು, ಸುಗಂಧ ತಯಾರಿಸುವುದು, ಗ್ರಹ ಮಂತ್ರಗಳ ವಿದ್ಯೆ, ಕುಸ್ತಿ, ಕತ್ತಿವರಸೆ. ಇವು ಶೋಕಿಗೆ ಕಲಿತದ್ದಲ್ಲ. ಇವುಗಳಿಂದಲೇ ಒಬ್ಬ ಮನುಷ್ಯ ಸಭ್ಯ ಅನ್ನಿಸಿಕೊಳ್ಳುತ್ತಿದ್ದ, ಗೆಳೆತನ ಗಳಿಸುತ್ತಿದ್ದ, ಕೆಲಸ ಹಿಡಿಯುತ್ತಿದ್ದ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗಾವಾನ್ ಬರೆದ ಪತ್ರಗಳು ಅವರಿಗೆ ದೊಡ್ಡ ಆಕರ. 1472ರ ಗಾವಾನ್ ಮದರಸಾ ಬೀದರ್‌ನಲ್ಲಿ ಪ್ರತಿದಿನ ಎಷ್ಟೋ ಜನ ನೋಡುತ್ತಾರೆ, ಅರ್ಧ ಬಿದ್ದ ಮುಂಭಾಗ, ಉಳಿದ ಹೆಂಚಿನ ಬಣ್ಣ. ಅಲ್ಲಿ 3,000 ಹಸ್ತಪ್ರತಿ ಇದ್ದವು ಅನ್ನುವ ಮಾತು ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿಸಿದವನು ಎಂಥಾ ಪತ್ರ ಬರೆಯುತ್ತಿದ್ದ, ಯಾರಿಗೆ, ಏನು ಕೇಳಿ ಬರೆಯುತ್ತಿದ್ದ ಅನ್ನುವುದು ಬಹಳ ಮಂದಿಗೆ ತಲುಪಿಲ್ಲ.

ಇನ್ನೊಂದು, ಗಿಲ್ ಬೆನ್-ಹೆರುಟ್ ಅವರ ‘ಶಿವಾಸ್ ಸೇಂಟ್ಸ್’, ಆಕ್ಸ್‌ಫರ್ಡ್, 2018. ಹರಿಹರನ ರಗಳೆಗಳನ್ನು ಹಿಡಿದು ಕನ್ನಡದ ಶಿವಭಕ್ತಿ ಪರಂಪರೆ ಶುರುವಿನಲ್ಲಿ ತನ್ನನ್ನು ಹೇಗೆ ಕಂಡುಕೊಂಡಿತ್ತು ಅಂತ ನೋಡುವ ಪುಸ್ತಕ. ಅದು ಬಂದ ವರ್ಷ ನೆನಪಿಸಿಕೊಳ್ಳಿ. ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಗೆ 2017ರ ಜುಲೈನಲ್ಲಿ ಬೀದರ್‌ನಲ್ಲಿ ದೊಡ್ಡ ಸಮಾವೇಶ ಆಗಿತ್ತು, 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿತ್ತು. 2025ರ ಸಮೀಕ್ಷೆಯಲ್ಲಿ ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಅಂತ ಅದೇ ಚರ್ಚೆ ಮತ್ತೆ ಎದ್ದಿತು. ಎರಡು ಸಲವೂ ವಾದ ನಡೆದದ್ದು ಹನ್ನೆರಡು, ಹದಿಮೂರನೇ ಶತಮಾನದಲ್ಲಿ ಏನಿತ್ತು ಅನ್ನುವುದರ ಮೇಲೇ. ಅದರ ಬಗ್ಗೆ ವರ್ಷಗಟ್ಟಲೆ ಕೂತು ಬರೆದ ಪುಸ್ತಕ, ವಾದ ಮಾಡುವವರ ಕೈಗೆ ಸಿಗದಷ್ಟು ದೂರ ಇತ್ತು. ಜಾಗ ಖಾಲಿ ಇರಲ್ಲ, ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳು ಬಂದು ತುಂಬುತ್ತವೆ.

ಬೆಲೆ ಯಾಕೆ ಅಷ್ಟು

ವಿದೇಶಿ ವಿಶ್ವವಿದ್ಯಾಲಯ ಮುದ್ರಣಾಲಯದ ಗಟ್ಟಿ ರಟ್ಟಿನ ಪುಸ್ತಕ ಸಾಮಾನ್ಯವಾಗಿ 80ರಿಂದ 100 ಪೌಂಡ್. ನಮ್ಮ ಲೆಕ್ಕಕ್ಕೆ ಹತ್ತು ಸಾವಿರ ರೂಪಾಯಿ ಆಸುಪಾಸು. 2019ರ ಬಜೆಟ್‌ನಲ್ಲಿ ಆಮದು ಪುಸ್ತಕಕ್ಕೆ 5 ಪರ್ಸೆಂಟ್ ಸುಂಕ ಬೇರೆ ಹಾಕಿದರು.

ಪ್ರಕಾಶಕರು ಹೇಳುವ ಕಾರಣ ಸುಳ್ಳಲ್ಲ. ಇಂಥ ಪುಸ್ತಕ ಪ್ರಪಂಚದಲ್ಲೆಲ್ಲಾ ಸೇರಿ ಕೆಲವು ನೂರು ಪ್ರತಿ ಹೋಗುತ್ತದೆ, ಕೊಳ್ಳುವವರು ಗ್ರಂಥಾಲಯಗಳು. ಬೇರೆ ವಿದ್ವಾಂಸರಿಂದ ಓದಿಸಬೇಕು, ತಿದ್ದಬೇಕು, ನಕ್ಷೆ ಫೋಟೋ ಹಾಕಬೇಕು. ಆ ಖರ್ಚನ್ನೆಲ್ಲಾ ಆ ಕೆಲವು ನೂರು ಪ್ರತಿಗಳೇ ಹೊರಬೇಕು. ಬೆಲೆ ಏರಿದಂತೆ ಗ್ರಂಥಾಲಯಗಳು ಕೊಳ್ಳುವುದು ಕಡಿಮೆ ಮಾಡುತ್ತವೆ, ಪ್ರತಿ ಇನ್ನೂ ಕಡಿಮೆ ಅಚ್ಚಾಗುತ್ತದೆ, ಬೆಲೆ ಇನ್ನೂ ಏರುತ್ತದೆ. ಜರ್ನಲ್ ಚಂದಾ ಜಾಸ್ತಿ ಆದಾಗ ಗ್ರಂಥಾಲಯಗಳು ಮೊದಲು ಕೈ ಹಾಕಿದ್ದೂ ಪುಸ್ತಕದ ಬಜೆಟ್‌ಗೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬರೆದವರಿಗೆ ಸಂಬಳ ಕೊಟ್ಟದ್ದು ಯಾವುದೋ ವಿಶ್ವವಿದ್ಯಾಲಯ. ಹಸ್ತಪ್ರತಿ ಓದಿ ಅಭಿಪ್ರಾಯ ಹೇಳುವ ವಿದ್ವಾಂಸರಿಗೆ ಸಿಗುವುದು ಅಲ್ಪ. ಲೇಖಕರಿಗೆ ಬರುವ ರಾಯಧನವೂ ತೀರಾ ಕಡಿಮೆ. ಸಂಶೋಧನೆ ನಡೆದದ್ದು ನಮ್ಮ ಕೋಟೆಗಳಲ್ಲಿ, ನಮ್ಮ ಸರ್ಕಾರಗಳು ಕಾಪಾಡಿದ ದಾಖಲೆಗಳಲ್ಲಿ. ಹೀಗಿದ್ದೂ ಹಕ್ಕು ಪೂರ್ತಿ ಪ್ರಕಾಶಕರ ಕೈಯಲ್ಲಿ. ಆ ಹಕ್ಕಿನಿಂದ ಹೊಸ ವ್ಯಾಪಾರವೂ ಶುರುವಾಗಿದೆ. 2024ರಲ್ಲಿ ಟೇಲರ್ ಅಂಡ್ ಫ್ರಾನ್ಸಿಸ್ ತನ್ನ ಪ್ರಕಟಣೆಗಳನ್ನು ಎಐ ಬಳಕೆಗೆ ಮೈಕ್ರೋಸಾಫ್ಟ್‌ಗೆ ಕೊಡುವ ಒಪ್ಪಂದ ಮಾಡಿಕೊಂಡಿತು, ಆರಂಭದ ಮೊತ್ತವೇ ಒಂದು ಕೋಟಿ ಡಾಲರ್. ನಮ್ಮನ್ನು ಕೇಳಲೇ ಇಲ್ಲ ಅಂತ ಹಲವು ಲೇಖಕರು ಬೇಸರ ಹೇಳಿಕೊಂಡರು. ಯಾದಗಿರಿಯ ವಿದ್ಯಾರ್ಥಿಗೆ ಹೋಗದ ಪುಸ್ತಕ ಯಂತ್ರಕ್ಕೆ ಹೋಯಿತು ಅನ್ನುವುದು ನೋವಿನ ಸಂಗತಿ.

ಭಾರತದ ಅಗ್ಗದ ಆವೃತ್ತಿ ಅಂತ ಒಂದು ದಾರಿ ಮೊದಲಿನಿಂದ ಇದೆ. ‘ದಕ್ಷಿಣ ಏಷ್ಯಾದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಹಿಂದೆ ಅಚ್ಚಾಗಿರುತ್ತಲ್ಲ, ಅದು. ಸಾವಿರ, ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಆದರೆ ಎಲ್ಲ ಪುಸ್ತಕಕ್ಕೂ ಅದು ಬರಲ್ಲ, ಬಂದರೂ ತಡ.

ಕಪಾಟಿಗೆ ಬರುವ ಮೊದಲು

ಸರಿ, ಕಾಲೇಜು ಗ್ರಂಥಾಲಯ ಕೊಳ್ಳಲಿ ಅನ್ನಬಹುದು. ಅದು ಹೇಗೆ ನಡೆಯುತ್ತದೆ ನೋಡಿ. ಅಧ್ಯಾಪಕರು ಪಟ್ಟಿ ಕೊಡಬೇಕು. ಸಮಿತಿ ಕೂರಬೇಕು. ಕೊಟೇಶನ್ ತರಿಸಬೇಕು. ಯಾರು ಜಾಸ್ತಿ ಡಿಸ್ಕೌಂಟ್ ಕೊಡುತ್ತಾರೋ ಅವರಿಗೆ ಆರ್ಡರ್. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಡಿಸ್ಕೌಂಟ್ ಚೆನ್ನಾಗಿ ಸಿಗುತ್ತದೆ, ಹೊರದೇಶದ ಸಂಶೋಧನಾ ಗ್ರಂಥಕ್ಕೆ ಸಿಗುವುದು ಕಡಿಮೆ. ಮಾರ್ಚ್ ಮುಗಿಯುವುದರೊಳಗೆ ಬಿಲ್ ಪಾಸ್ ಆಗಬೇಕು, ವಿದೇಶದಿಂದ ಬರುವ ಪುಸ್ತಕ ಅಷ್ಟರಲ್ಲಿ ಬರುತ್ತೋ ಇಲ್ಲವೋ. ಗ್ರಂಥಪಾಲಕರ ಜಾಗದಲ್ಲಿ ನಿಂತು ನೋಡಿದರೆ, ಅದೇ ಹತ್ತು ಸಾವಿರದಲ್ಲಿ ಇಪ್ಪತ್ತೈದು ಕೆಎಎಸ್ ಗೈಡು ಬರುವಾಗ ಒಂದು ಬಹಮನಿ ಪುಸ್ತಕ ತರಿಸುವುದು ಕಷ್ಟದ ನಿರ್ಧಾರ. ಅವರನ್ನು ದೂರಿ ಪ್ರಯೋಜನ ಇಲ್ಲ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಒಂದು ದೇಶ ಒಂದು ಚಂದಾ ಯೋಜನೆಯ ಮೊದಲ ಹಂತ ಕೇಂದ್ರ, ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ. ಖಾಸಗಿ ಸಂಸ್ಥೆಗಳು ಮುಂದಿನ ಹಂತದಲ್ಲಿ. ನಮ್ಮ ಭಾಗದಲ್ಲಿ ಶಿಕ್ಷಣದ ದೊಡ್ಡ ಪಾಲು ಮಠಗಳು, ಶಿಕ್ಷಣ ಸಂಘಗಳು ನಡೆಸುವ ಕಾಲೇಜುಗಳಲ್ಲಿ ನಡೆಯುತ್ತದೆ. ಅಲ್ಲಿನ ವಿದ್ಯಾರ್ಥಿಗೆ ಪುಸ್ತಕದ ಮಾತು ಹಾಗಿರಲಿ, ಆ ಜರ್ನಲ್ ಕೂಡ ಸಿಗುವ ಖಾತ್ರಿ ಇಲ್ಲ. ಎನ್-ಲಿಸ್ಟ್ ಅನ್ನುವ ಹಳೆಯ ಯೋಜನೆಯಲ್ಲಿ ಕಾಲೇಜುಗಳಿಗೆ ಇ-ಪುಸ್ತಕಗಳು ಸಿಗುತ್ತವೆ, ಅನುದಾನಿತ ಕಾಲೇಜುಗಳೂ ಸಣ್ಣ ಶುಲ್ಕ ಕಟ್ಟಿ ಸೇರಬಹುದು. ಅದು ಒಳ್ಳೆಯ ಸೌಲಭ್ಯ. ಆದರೆ ಅದು ಒಟ್ಟಾಗಿ ಕೊಂಡ ಸಂಗ್ರಹ. ಇಂತಿಂಥ ಹೊಸ ಪುಸ್ತಕ ನನಗೆ ಬೇಕು ಅಂತ ಕೇಳಿ ತರಿಸಿಕೊಳ್ಳುವ ದಾರಿ ಅಲ್ಲ.

ಇದರಿಂದ ಆಗುವುದು ಏನು? ಬೀದರ್ ಮೇಲೆ ಕೆಲಸ ಮಾಡುವವರು ಇವತ್ತಿಗೂ ಗುಲಾಂ ಯಜ್ದಾನಿ ಅವರ 1947ರ ಬೀದರ್ ಪುಸ್ತಕಕ್ಕೆ ಮತ್ತು ಗೆಜೆಟಿಯರ್‌ಗಳಿಗೆ ಮೊರೆ ಹೋಗುತ್ತಾರೆ. ಯಜ್ದಾನಿ ಅವರದ್ದು ಅದ್ಭುತ ಕೆಲಸ, ಅನುಮಾನ ಇಲ್ಲ. ಆದರೆ ಆಮೇಲಿನ ಮುಕ್ಕಾಲು ಶತಮಾನದ ಯೋಚನೆ ಪ್ರಬಂಧಕ್ಕೆ ಬರದಿದ್ದರೆ ಆ ಪ್ರಬಂಧವನ್ನು ಹೊರಗಿನವರು ಓದಿ ಪಕ್ಕಕ್ಕಿಡುತ್ತಾರೆ. ತಪ್ಪು ವಿದ್ಯಾರ್ಥಿಯದ್ದು ಅಂತ ಅವರಿಗೆ ಕಾಣುತ್ತದೆ.

ಕೋರ್ಟು ಏನು ಹೇಳಿದೆ

‘ಸೈ-ಹಬ್ ಬಂದ್ ಆಯಿತಂತೆ, ಇನ್ನು ಝೆರಾಕ್ಸ್ ಮಾಡಿದರೂ ಕೇಸಾ?’ ಅಂತ ಕೇಳುವವರಿದ್ದಾರೆ. ಇವು ಎರಡು ಬೇರೆ ಬೇರೆ ವಿಷಯ.

ಸೈ-ಹಬ್ 2011ರಿಂದ ಪ್ರಕಾಶಕರ ಅನುಮತಿ ಇಲ್ಲದೆ ಸಂಶೋಧನಾ ಲೇಖನ ಹಂಚುತ್ತಿದ್ದ ತಾಣ. ಎಲ್ಸವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್‌ಗೆ ಹೋದವು. 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ತಡೆಯಲು ಆದೇಶ ಬಂತು. ಬಹಳ ಬಡ ಸಂಸ್ಥೆಗಳ ವಿದ್ಯಾರ್ಥಿಗಳು ಅದನ್ನೇ ನಂಬಿಕೊಂಡಿದ್ದರು ಅನ್ನುವುದು ಗುಟ್ಟಲ್ಲ.

ಝೆರಾಕ್ಸ್ ಕಥೆ ಬೇರೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಅಂಗಡಿ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ದಾವೆ ಹೂಡಿದವು. ಬೇರೆ ಬೇರೆ ಪುಸ್ತಕಗಳ ಅಧ್ಯಾಯ ಸೇರಿಸಿ ಪಾಠಕ್ಕೆ ಬೇಕಾದ ಕಟ್ಟು ಮಾಡಿ ಮಾರುತ್ತಿದ್ದರು ಅನ್ನುವುದು ದೂರು. 2016ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ದಾವೆ ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕೂಡ ಮೂಲ ತತ್ವವನ್ನು ಒಪ್ಪಿತು: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಶಿಕ್ಷಕರೋ ವಿದ್ಯಾರ್ಥಿಗಳೋ ಪಾಠದ ಭಾಗವಾಗಿ, ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡಿಕೊಳ್ಳಬಹುದು. ಪಾಠಕ್ಕೆ ನಿಜಕ್ಕೂ ಬೇಕಿತ್ತಾ ಅನ್ನುವುದಷ್ಟನ್ನು ವಿಚಾರಣೆಗೆ ಬಿಟ್ಟಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ಹಿಂದೆ ಸರಿದರು.

ಅಂದರೆ ಸಿಲಬಸ್‌ನಲ್ಲಿ ಇರುವ ಅಧ್ಯಾಯವನ್ನು ತರಗತಿಗೆ ಝೆರಾಕ್ಸ್ ಮಾಡಿಸಲು ಅಧ್ಯಾಪಕರು ಹೆದರಬೇಕಾಗಿಲ್ಲ. ಆದರೆ ಝೆರಾಕ್ಸ್ ಮಾಡಬೇಕಾದರೂ ಗ್ರಂಥಾಲಯದಲ್ಲಿ ಒಂದು ಪ್ರತಿ ಇರಬೇಕಲ್ಲ. ಮಾತು ಮತ್ತೆ ಅದೇ ಕಪಾಟಿಗೆ ಬಂದು ನಿಲ್ಲುತ್ತದೆ.

ಪಾಯಿಂಟ್ ಲೆಕ್ಕ ಯಾವ ಕಡೆ ತಳ್ಳುತ್ತದೆ

ಹಾಗಾದರೆ ನಮ್ಮ ಅಧ್ಯಾಪಕರೇ ಕನ್ನಡದಲ್ಲಿ ಬರೆಯಲಿ, ಅನುವಾದ ಮಾಡಲಿ ಅನ್ನುವವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಪಾಯಿಂಟ್ ಕೊಡುವ ಒಂದು ಕೋಷ್ಟಕ ತೋರಿಸಬೇಕು. ಅಂತರರಾಷ್ಟ್ರೀಯ ಪ್ರಕಾಶಕರಿಂದ ಪುಸ್ತಕ ಬಂದರೆ 12 ಪಾಯಿಂಟ್. ದೇಶದ ಪ್ರಕಾಶಕರಿಂದ ಬಂದರೆ 10. ಒಂದು ಇಡೀ ಪುಸ್ತಕ ಅನುವಾದ ಮಾಡಿದರೆ 8. ಕಲಾ ವಿಭಾಗದಲ್ಲಿ ಒಂದು ಜರ್ನಲ್ ಲೇಖನಕ್ಕೇ 10.

ಮುನ್ನೂರು ಪುಟದ ಇತಿಹಾಸ ಗ್ರಂಥ ಕನ್ನಡಕ್ಕೆ ತರುವುದು ಎರಡು ವರ್ಷದ ಕೆಲಸ. ಪರ್ಶಿಯನ್ ಹೆಸರು ಸರಿ ಮಾಡಬೇಕು, ಶಾಸನದ ಮೂಲ ಹುಡುಕಬೇಕು, ಕನ್ನಡದಲ್ಲಿ ಇಲ್ಲದ ಪದಕ್ಕೆ ಪದ ಹುಟ್ಟಿಸಬೇಕು. ಅದಕ್ಕೆ ಒಂದು ಲೇಖನಕ್ಕಿಂತ ಕಡಿಮೆ ಬೆಲೆ! ಬಡ್ತಿ ಎದುರು ಇಟ್ಟುಕೊಂಡ ಯುವ ಅಧ್ಯಾಪಕಿ ಯಾವುದನ್ನು ಆರಿಸುತ್ತಾಳೆ? ಇನ್ನೊಂದು ಕಡೆ ‘ಅಂತರರಾಷ್ಟ್ರೀಯ’ ಅನ್ನುವ ಪದದ ಆಸೆಗೆ, ದುಡ್ಡು ಇಸಿದುಕೊಂಡು ಯಾವುದೇ ಪರಿಶೀಲನೆ ಇಲ್ಲದೆ ಅಚ್ಚು ಹಾಕುವ ಕಂಪನಿಗಳಿಗೆ ಪಿಎಚ್‌ಡಿ ಪ್ರಬಂಧ ಕೊಡುವವರು ಹುಟ್ಟಿಕೊಂಡರು. ಆ ಪುಸ್ತಕ ಯಾರೂ ಓದಲ್ಲ, ಆದರೂ 12 ಪಾಯಿಂಟ್‌ಗೆ ಹಕ್ಕು ಮಂಡಿಸಬಹುದು.

2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮದಲ್ಲಿ ಈ ಪಾಯಿಂಟ್ ಪದ್ಧತಿ ಬಿಟ್ಟು, ಭಾರತೀಯ ಭಾಷೆಗಳಲ್ಲಿ ಪಾಠದ ಕೊಡುಗೆಯನ್ನೂ ಗಣನೆಗೆ ತಗೊಳ್ಳುವ ಮಾತಿತ್ತು. ಕುಲಪತಿ ನೇಮಕದ ವಿಷಯದಲ್ಲಿ ರಾಜ್ಯಗಳು ಆ ಕರಡನ್ನು ಬಲವಾಗಿ ವಿರೋಧಿಸಿದವು, ಆ ಗಲಾಟೆಯಲ್ಲಿ ಈ ಸಣ್ಣ ಒಳ್ಳೆಯ ಅಂಶ ಯಾರ ಗಮನಕ್ಕೂ ಬರಲಿಲ್ಲ. 2024ರ ಜುಲೈನಲ್ಲಿ ಶುರುವಾದ ‘ಅಸ್ಮಿತಾ’ ಯೋಜನೆ ಐದು ವರ್ಷದಲ್ಲಿ ಭಾರತೀಯ ಭಾಷೆಗಳಲ್ಲಿ 22,000 ಪುಸ್ತಕದ ಗುರಿ ಇಟ್ಟುಕೊಂಡಿದೆ. ಆದರೆ ಅದರ ಕಣ್ಣು ತರಗತಿಯ ಪಠ್ಯದ ಮೇಲೆ. ಹೊಸ ಸಂಶೋಧನೆಯನ್ನು ಕನ್ನಡಕ್ಕೆ ತರುವ ಕೆಲಸ ಅದರಿಂದ ಆಗುತ್ತದೆ ಅಂತ ಕೂರಲಾಗದು.

ತೆರೆದ ಪುಸ್ತಕ ಆಗಲ್ಲ ಅನ್ನುವಂತಿಲ್ಲ

ಮನು ವಿ. ದೇವದೇವನ್ ಅವರ ‘ಎ ಪ್ರಿಹಿಸ್ಟರಿ ಆಫ್ ಹಿಂದೂಯಿಸಂ’ 2016ರಲ್ಲಿ ಜರ್ಮನಿಯ ಡಿ ಗ್ರೂಯ್ಟರ್ ಸಂಸ್ಥೆಯ ಮುಕ್ತ ಪ್ರಕಟಣೆ ವಿಭಾಗದಿಂದ ಬಂತು. ಯಾರು ಬೇಕಾದರೂ ಪೂರ್ತಿ ಪುಸ್ತಕ ಇಳಿಸಿಕೊಂಡು ಓದಬಹುದು, ಒಂದು ಪೈಸೆ ಕೊಡಬೇಕಿಲ್ಲ. ಹಿಂದೂ ಅನ್ನುವ ಧಾರ್ಮಿಕ ಗುರುತು ಗಟ್ಟಿಯಾಗುವ ಮೊದಲು ಈ ನೆಲದಲ್ಲಿ ಭಕ್ತಿ, ಗುಡಿ, ಮಠ, ಸಂನ್ಯಾಸ ಹೇಗಿದ್ದವು ಅನ್ನುವುದನ್ನು ಅವರು ದಖ್ಖನ್ ಭಾಗದ ಹಲವು ಶತಮಾನಗಳನ್ನು ಹಿಡಿದು ಹೇಳುತ್ತಾರೆ. ಯಾದಗಿರಿ ಜಿಲ್ಲೆಯ ಸಂತ ಕೊಡೇಕಲ್ ಬಸವಣ್ಣ ಅದರಲ್ಲಿ ದೊಡ್ಡದಾಗಿ ಬರುತ್ತಾನೆ. ಕೊಡೇಕಲ್‌ನ ಹುಡುಗನೊಬ್ಬ ತನ್ನ ಊರಿನ ಬಗ್ಗೆ ಬರೆದದ್ದನ್ನು ಮೊಬೈಲ್‌ನಲ್ಲೇ ಓದಬಹುದು. ಇಂಗ್ಲಿಷ್‌ನ ಅಡ್ಡಗೋಡೆ ಇದೆ, ದುಡ್ಡಿನದ್ದು ಇಲ್ಲ.

ಮುಕ್ತ ಪ್ರಕಟಣೆಗೂ ಯಾರೋ ಒಬ್ಬರು ದುಡ್ಡು ಕೊಡಲೇಬೇಕು. ದೊಡ್ಡ ಪ್ರಕಾಶಕರು ಒಂದು ಪುಸ್ತಕವನ್ನು ಹೀಗೆ ತೆರೆಯಲು ಸುಮಾರು 10,000 ಪೌಂಡ್ ಆಸುಪಾಸು ಕೇಳುತ್ತಾರೆ, ಅಂದರೆ 11, 12 ಲಕ್ಷ ರೂಪಾಯಿ. ಕೇಂಬ್ರಿಡ್ಜ್ 2021ರಲ್ಲಿ ಇನ್ನೊಂದು ದಾರಿ ಶುರು ಮಾಡಿತು, ಆಯ್ದ ಪುಸ್ತಕಗಳು ಇಂತಿಷ್ಟು ಮಾರಾಟ ಆದಮೇಲೆ ಎಲ್ಲರಿಗೂ ಮುಕ್ತ. ಬ್ರಿಟನ್ನಿನಲ್ಲಂತೂ ಅಲ್ಲಿನ ಸರ್ಕಾರಿ ಸಂಶೋಧನಾ ನಿಧಿಯಿಂದ ಬಂದ ಪುಸ್ತಕ ಪ್ರಕಟವಾಗಿ 12 ತಿಂಗಳೊಳಗೆ ಮುಕ್ತ ಆಗಬೇಕು ಅಂತ 2024ರಿಂದ ನಿಯಮವೇ ಇದೆ.

ಈಗ ನಮ್ಮ ಯೋಜನೆಯ ದುಡ್ಡು ನೋಡಿ. ವರ್ಷಕ್ಕೆ 2,000 ಕೋಟಿ. ಅದರ ನೂರರಲ್ಲಿ ಒಂದು ಪಾಲು 20 ಕೋಟಿ. ಅಷ್ಟರಲ್ಲಿ ಭಾರತದ ಮೇಲಿನ ನೂರೈವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಪ್ರತಿ ವರ್ಷ ಎಲ್ಲರಿಗೂ, ಶಾಶ್ವತವಾಗಿ ತೆರೆಯಬಹುದು. ಭಾರತದ ಲೇಖಕರು ಮುಕ್ತ ಜರ್ನಲ್‌ಗಳಲ್ಲಿ ಪ್ರಕಟಿಸಲು ವರ್ಷಕ್ಕೆ 150 ಕೋಟಿ ಈಗಾಗಲೇ ಇಟ್ಟಿದ್ದಾರೆ. ಪುಸ್ತಕಕ್ಕೆ ಅಂಥದ್ದೇ ಒಂದು ಕಿಸೆ ಹೊಲಿಯುವುದು ಅಸಾಧ್ಯ ಏನಲ್ಲ. ಪ್ರಕಾಶಕರಿಗೂ ನಷ್ಟ ಇಲ್ಲ, ಖರ್ಚು ಮೊದಲೇ ಕೈಗೆ ಬರುತ್ತದೆ. ಮುಕ್ತ ಜ್ಞಾನದ ಪರ ಇರುವವರ ಆಕ್ಷೇಪ ಬೇರೆ: ಇಷ್ಟು ದುಡ್ಡನ್ನು ವಿದೇಶಿ ಕಂಪನಿಗಳಿಗೆ ಕೊಡುವ ಬದಲು ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳನ್ನೇ (ಪುಸ್ತಕ ಪ್ರಕಟಿಸುವ ವಿಭಾಗಗಳು) ಗಟ್ಟಿ ಮಾಡಿ ಅನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು ಎಂ.ಎಂ. ಕಲಬುರ್ಗಿಯಂಥವರ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರವೇ ತಂದು, ಸಾಮಾನ್ಯರು ಕೊಳ್ಳುವ ಬೆಲೆಗೆ ಕೊಟ್ಟಿತ್ತು. ವಿದ್ವತ್ತೂ ಕಡಿಮೆ ಆಗಲಿಲ್ಲ, ಬೆಲೆಯೂ ಏರಲಿಲ್ಲ. ಆದರೆ ಒಂದು ಪ್ರಸಾರಾಂಗ ಗಟ್ಟಿಯಾಗಲು ಹತ್ತು ವರ್ಷ ಬೇಕು, ಇವತ್ತು ಎಂಎ ಓದುತ್ತಿರುವವರು ಅಲ್ಲಿವರೆಗೆ ಕಾಯಲಾರರು. ಎರಡೂ ಒಟ್ಟಿಗೆ ನಡೆಯಬೇಕು.

ಕನ್ನಡಕ್ಕೆ ತರಲು ಕಾನೂನೇ ಬಿಟ್ಟ ಬಾಗಿಲು

ಕೃತಿಸ್ವಾಮ್ಯ ಕಾಯ್ದೆಯ 32ನೇ ಸೆಕ್ಷನ್ ಬಗ್ಗೆ ನಮ್ಮಲ್ಲಿ ಮಾತೇ ಆಗಲ್ಲ. ಭಾರತೀಯ ಕೃತಿಯಲ್ಲದ ಒಂದು ಪುಸ್ತಕ ಪ್ರಕಟವಾಗಿ ಮೂರು ವರ್ಷ ಆದಮೇಲೆ, ಬೋಧನೆ ಅಥವಾ ಸಂಶೋಧನೆಗೆ ಬೇಕಿದ್ದರೆ, ಅದನ್ನು ಭಾರತದ ಭಾಷೆಗೆ ಅನುವಾದಿಸಿ ಪ್ರಕಟಿಸಲು ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಅಭಿವೃದ್ಧಿ ಹೊಂದಿದ ಯಾವ ದೇಶದಲ್ಲೂ ಸಾಮಾನ್ಯ ಬಳಕೆಯಲ್ಲಿ ಇಲ್ಲದ ಭಾಷೆಯಾದರೆ ಒಂದೇ ವರ್ಷ ಸಾಕು. ಕನ್ನಡ ಆ ಸಾಲಿಗೆ ಬರುತ್ತದೆ. ಉಳಿದ ಪುಸ್ತಕಗಳಿಗೆ ಏಳು ವರ್ಷ. ಷರತ್ತುಗಳಿವೆ: ಮೊದಲು ಹಕ್ಕುದಾರರನ್ನು ಕೇಳಿರಬೇಕು, ಅವರು ಒಪ್ಪಿರಬಾರದು ಅಥವಾ ಸಿಕ್ಕಿರಬಾರದು, ಆ ಭಾಷೆಯಲ್ಲಿ ಅನುವಾದ ಲಭ್ಯ ಇರಬಾರದು, ರಾಯಧನ ಕೊಡಬೇಕು.

ಬಹಳ ಸಲ ಕೋರ್ಟಿನ ತನಕ ಹೋಗುವ ಅಗತ್ಯವೂ ಬರಲ್ಲ. ಇಂಥ ಬಾಗಿಲು ಇದೆ ಅಂತ ಗೊತ್ತಿದ್ದು ಪತ್ರ ಬರೆದರೆ ಮಾತುಕತೆಯ ಬಲವೇ ಬೇರೆ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ, ಹಂಪಿ ಕನ್ನಡ ವಿಶ್ವವಿದ್ಯಾಲಯ ಇದೆ, ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗ ಇದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷ ವರ್ಷ ಅನುದಾನವೂ ಬರುತ್ತಿದೆ. ರಸ್ತೆ, ಶಾಲೆ ಕಟ್ಟಡದ ಜೊತೆಗೆ, ಈ ನೆಲದ ಮೇಲೆ ಬಂದ ಹತ್ತು ಪುಸ್ತಕ ಕನ್ನಡಕ್ಕೆ, ಉರ್ದುವಿಗೆ ತರಿಸಿ ಜಿಲ್ಲಾ ಗ್ರಂಥಾಲಯಗಳಿಗೆ ಹಂಚುವುದಕ್ಕೆ ಹಣ ಕೇಳಿದರೆ ಅದು ಅಭಿವೃದ್ಧಿಯ ಹೊರಗಿನ ಬೇಡಿಕೆ ಆಗಲಾರದು.

2027ರ ಒಳಗೆ

ಚಂದಾ ಒಪ್ಪಂದದ ಮೂರು ವರ್ಷ 2027ರ ಡಿಸೆಂಬರ್‌ಗೆ ಮುಗಿಯುತ್ತದೆ. ಮುಂದಿನ ಸುತ್ತಿನ ಚೌಕಾಸಿ ಅದಕ್ಕೂ ಮೊದಲೇ ಆಗಬೇಕು. ಯಾವ ಜರ್ನಲ್ ಎಷ್ಟು ಸಲ ತೆರೆಯಿತು ಅನ್ನುವ ಲೆಕ್ಕ ಆಗ ಮೇಜಿನ ಮೇಲೆ ಇರುತ್ತದೆ. ಯಾವ ಪುಸ್ತಕದ ಬಾಗಿಲಲ್ಲಿ ಎಷ್ಟು ವಿದ್ಯಾರ್ಥಿಗಳು ನಿಂತು ವಾಪಸ್ ಹೋದರು ಅನ್ನುವ ಲೆಕ್ಕ ಯಾರೂ ಇಟ್ಟಿರಲ್ಲ. ಅದನ್ನು ನಾವೇ ಇಡಬೇಕಾಗುತ್ತದೆ. ಪ್ರತಿ ವಿಭಾಗದವರು ತಮಗೆ ಬೇಕಿದ್ದು ಸಿಗದ ಪುಸ್ತಕಗಳ ಹೆಸರು, ಬೆಲೆ, ಯಾವ ಪಾಠಕ್ಕೆ ಬೇಕಿತ್ತು ಅನ್ನುವುದನ್ನು ಬರೆದು ಗ್ರಂಥಪಾಲಕರಿಗೆ ಕೊಡಲಿ, ಗ್ರಂಥಪಾಲಕರು ಅದನ್ನು ಇನ್‌ಫ್ಲಿಬ್‌ನೆಟ್‌ಗೂ ಉನ್ನತ ಶಿಕ್ಷಣ ಇಲಾಖೆಗೂ ಲಿಖಿತವಾಗಿ ಕಳಿಸಲಿ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಿಂದ ಹೋಗುವ ಆ ಪಟ್ಟಿಯಲ್ಲಿ ಕಲ್ಯಾಣ, ಮಳಖೇಡ, ಬೀದರ್, ಕೊಡೇಕಲ್ ಮೇಲಿನ ಪುಸ್ತಕಗಳು ಮೇಲುಗಡೆ ಇರಲಿ.